‘ಎಷ್ಟಾತು?’ ಎಂಬ ಪ್ರಶ್ನೆ: ತಿಂಗಳ ರಿಟರ್ನುಗಳನ್ನು ಆರ್ಗ್ ಮೋಡ್‌ಗೆ ಒಗ್ಗಿಸಿದ ಒಂದು ಕಚೇರಿ

ಹುಬ್ಬಳ್ಳಿಯಲ್ಲಿ ನನ್ನ ಸೋದರತ್ತೆಯ ಮಗಳು ನಡೆಸುವ ತೆರಿಗೆ ಸಲಹಾ ಕಚೇರಿ ದೊಡ್ಡದೇನಲ್ಲ. ಅಕ್ಕ, ಇಬ್ಬರು ಸಹಾಯಕ ಹುಡುಗರು, ಮೂರು ಕಂಪ್ಯೂಟರು. ಪಾರ್ಟಿಗಳು, ಅಂದರೆ ಗ್ರಾಹಕರು, ನಲವತ್ತರ ಆಸುಪಾಸು. ಕಿರಾಣಿ ಸಗಟು ವ್ಯಾಪಾರಿಗಳು, ಹತ್ತಿ ದಲಾಲಿಗಳು, ಹಾರ್ಡ್‌ವೇರ್ ಮತ್ತು ಮೊಬೈಲ್ ಅಂಗಡಿಯವರು, ಸಣ್ಣ ಗುತ್ತಿಗೆದಾರರು. ಕೆಲಸವೆಲ್ಲ ಮರುಕಳಿಸುವಂಥದ್ದೇ. ಪ್ರತಿ ತಿಂಗಳು 7ಕ್ಕೆ ಟಿಡಿಎಸ್ (ಪಾವತಿಸುವಾಗಲೇ ಕಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ತಿಂಗಳ ಒಟ್ಟು ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ, ಅದೇ ದಿನ ವೃತ್ತಿ ತೆರಿಗೆ. ವರ್ಷಕ್ಕೆ 5 ಕೋಟಿಯೊಳಗಿನ ವಹಿವಾಟಿನವರಿಗೆ 2021ರ ಜನವರಿಯಿಂದ ಬಂದ ಕ್ಯೂಆರ್‌ಎಂಪಿ ಪದ್ಧತಿಯಲ್ಲಿ ಇರುವವರ ಲೆಕ್ಕವೇ ಬೇರೆ. ಅವರಿಗೆ ತ್ರೈಮಾಸಿಕದ ಮೊದಲೆರಡು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 25ರೊಳಗೆ ಚಲನ್ ಮೂಲಕ ಕಟ್ಟಿದರಾಯಿತು. ರಿಟರ್ನ್ ಮೂರು ತಿಂಗಳಿಗೊಮ್ಮೆ: ಜಿಎಸ್‌ಟಿಆರ್-1 13ಕ್ಕೆ, 3ಬಿ ಕರ್ನಾಟಕದವರಿಗೆ 22ಕ್ಕೆ. ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್‌ನವರಿಗೆ ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 18.

ಇದನ್ನೆಲ್ಲ ಕಚೇರಿ ಎಕ್ಸೆಲ್‌ನಲ್ಲಿ ನಡೆಸುತ್ತಿತ್ತು. ಪಾರ್ಟಿಗೊಂದು ಸಾಲು, ರಿಟರ್ನಿಗೊಂದು ಕಾಲಮ್, ಮುಗಿದರೆ ಹಸಿರು ಬಣ್ಣ. ತಿಂಗಳು ತಿರುಗಿದಾಗ ಬಣ್ಣ ಅಳಿಸಿ ಅದೇ ಹಾಳೆಯನ್ನು ಮತ್ತೆ ಬಳಸುತ್ತಿದ್ದರು. ಹೀಗಾಗಿ ಕಳೆದ ತಿಂಗಳು ಯಾವ ರಿಟರ್ನ್ ಎಂದು ಹೋಯಿತು, ಯಾಕೆ ತಡವಾಯಿತು ಎನ್ನುವುದಕ್ಕೆ ದಾಖಲೆ ಉಳಿಯುತ್ತಿರಲಿಲ್ಲ. ಯಾವುದಾದರೂ ಪಾರ್ಟಿ ಬಂದು ‘ಲೇಟ್ ಫೀ ಯಾಕ ಬಿತ್ತು’ ಎಂದು ಜಗಳ ತೆಗೆದಾಗ ಅಕ್ಕ ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ಮೆಸೇಜುಗಳನ್ನು ಕೆದಕುತ್ತ ಕೂರಬೇಕಿತ್ತು. ಇಂಥ ಕಚೇರಿಗಳಿಗೆಂದೇ ತಂತ್ರಾಂಶಗಳಿವೆ, ತಿಂಗಳ ಬಾಡಿಗೆ ಕೊಟ್ಟರೆ ಸಿಗುತ್ತವೆ. ಅಕ್ಕನಿಗೆ ಬಾಡಿಗೆಗಿಂತ ಹೆಚ್ಚಾಗಿ ಕಿರಿಕಿರಿಯಾಗಿದ್ದು ಪಾರ್ಟಿಗಳ ವಿವರವೆಲ್ಲ ಬೇರೆಯವರ ಸರ್ವರಿನಲ್ಲಿ ಹೋಗಿ ಕೂರುವುದು. ನಾನು ತೆರಿಗೆಯವನಲ್ಲ, ಈಮ್ಯಾಕ್ಸ್ ಬಳಸಿ ರೂಢಿಯಿರುವವನು. ಆರ್ಗ್ ಮೋಡ್ ತೋರಿಸಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆರ್ಗ್ ಮೋಡ್ ಎಂಬುದು ಈಮ್ಯಾಕ್ಸ್ ಪಠ್ಯ ಸಂಪಾದಕದ ಒಳಗೇ ಇರುವ ಒಂದು ವ್ಯವಸ್ಥೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ತಮ್ಮ ಟಿಪ್ಪಣಿಗಳಿಗಾಗಿ ಶುರು ಮಾಡಿದ್ದು. ಕಡತ ಎಂದರೆ ಬರೀ ಪಠ್ಯ. ಸಾಲಿನ ಮೊದಲಿಗೆ ನಕ್ಷತ್ರ ಹಾಕಿದರೆ ಅದು ತಲೆಬರಹ, ಎರಡು ನಕ್ಷತ್ರ ಹಾಕಿದರೆ ಅದರೊಳಗಿನ ತಲೆಬರಹ. ತಲೆಬರಹದ ಮುಂದೆ ಸ್ಥಿತಿಯ ಪದ ಬರೆದರೆ ಅದು ಕೆಲಸವಾಗುತ್ತದೆ. ಈ ಸ್ಥಿತಿಯ ಪದಗಳು ಇಂಗ್ಲಿಷೇ ಆಗಿರಬೇಕೆಂದಿಲ್ಲ. ಅಕ್ಕನ ಕಡತದಲ್ಲಿ ಅವು ‘ಬಿಲ್ಲು’, ‘ತಾಳೆ’, ‘ಚಲನ್’, ‘ಸಲ್ಲಿಕೆ’. ಮೊದಲ ಮೂರು ಬಾಕಿಯ ಹಂತಗಳು, ಕೊನೆಯದು ಮುಗಿದಿದ್ದು. ಹುಡುಗರಿಗೆ ಇದೊಂದೇ ಕಾರಣಕ್ಕೆ ಕಡತ ತಮ್ಮದೆನಿಸಿತು.

ಮೊದಲ ಏರ್ಪಾಟು ಯಾರಿಗಾದರೂ ಹೊಳೆಯುವಂಥದ್ದೇ. ಪಾರ್ಟಿಗೊಂದು ತಲೆಬರಹ, ಅದರ ಕೆಳಗೆ ಆ ಪಾರ್ಟಿಗೆ ಅನ್ವಯಿಸುವ ರಿಟರ್ನುಗಳು, ಪ್ರತಿಯೊಂದಕ್ಕೂ ಕೊನೆಯ ದಿನ, ಆ ದಿನಾಂಕದ ಜೊತೆಗೇ ಮರುಕಳಿಕೆಯ ಗುರುತು. ಕೆಲಸ ಮುಗಿಯಿತೆಂದು ಗುರುತಿಸಿದ ಕೂಡಲೇ ಆರ್ಗ್ ದಿನಾಂಕವನ್ನು ಮುಂದಿನ ತಿಂಗಳಿಗೆ ತಳ್ಳಿ, ಸ್ಥಿತಿಯನ್ನು ಮತ್ತೆ ‘ಬಿಲ್ಲು’ ಎಂದು ಮಾಡಿಡುತ್ತದೆ. ಮುಗಿದ ಹೊತ್ತನ್ನು ಆ ಕೆಲಸದ ಕೆಳಗಿನ ಖಾನೆಯಲ್ಲಿ ಒಂದು ಸಾಲಾಗಿ ಬರೆದುಕೊಳ್ಳುತ್ತದೆ.

ಮರುಕಳಿಕೆಯ ಗುರುತಿನಲ್ಲಿ ಮೂರು ಬಗೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ತೆರಿಗೆ ಕೆಲಸದಲ್ಲಿ ಇಲ್ಲಿ ತಪ್ಪಿದರೆ ದುಡ್ಡು ಹೋಗುತ್ತದೆ. ‘+’ ಎಂಬುದು ಈಗಿರುವ ದಿನಾಂಕಕ್ಕೆ ಒಂದೇ ಒಂದು ಅವಧಿ ಕೂಡಿಸುತ್ತದೆ. ಮೇ 20ರದ್ದನ್ನು ಜುಲೈನಲ್ಲಿ ಮುಗಿಸಿದರೂ ಮುಂದಿನದು ಜೂನ್ 20ಕ್ಕೇ ನಿಲ್ಲುತ್ತದೆ, ಬಾಕಿಯೆಂದು ಕೆಂಪಾಗಿ ತೋರಿಸುತ್ತದೆ. ‘++’ ಆದರೆ ಮುಂದೆ ಬರುವ ದಿನದವರೆಗೆ ನೆಗೆಯುತ್ತದೆ, ಮಧ್ಯದ ಜೂನ್ ಮಾಯ. ‘.+’ ಎಂದರೆ ಕೆಲಸ ಮುಗಿಸಿದ ದಿನದಿಂದ ಎಣಿಕೆ. 18ಕ್ಕೆ ಮುಗಿಸಿದರೆ ಮುಂದಿನದು 18ಕ್ಕೆ, 17ಕ್ಕೆ ಮುಗಿಸಿದರೆ ಅದರ ಮುಂದಿನದು 17ಕ್ಕೆ, ಹೀಗೆ ತಾರೀಖು ಜಾರುತ್ತ ಹೋಗುತ್ತದೆ.

ಜಿಎಸ್‌ಟಿ ರಿಟರ್ನಿಗೆ ‘+’ ಒಂದೇ ಸರಿ. ಹಿಂದಿನ ತಿಂಗಳ 3ಬಿ ಹಾಕದೆ ಈ ತಿಂಗಳದ್ದು ಹಾಕಲು ಬರುವುದಿಲ್ಲ, ಬಿಟ್ಟ ಪ್ರತಿ ತಿಂಗಳೂ ಬಾಕಿಯೇ. ತಡವಾದರೆ ದಿನಕ್ಕೆ 50 ರೂಪಾಯಿ, ತೆರಿಗೆ ಏನೂ ಇಲ್ಲದ ನಿಲ್ ರಿಟರ್ನಾದರೂ ದಿನಕ್ಕೆ 20 ರೂಪಾಯಿ ಲೇಟ್ ಫೀ ಏರುತ್ತದೆ. ಕಟ್ಟದ ತೆರಿಗೆಯ ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೇರೆ. ಹೀಗಿರುವಾಗ ‘++’ ಹಾಕಿ ಒಂದು ತಿಂಗಳನ್ನೇ ನುಂಗಿಸುವುದೆಂದರೆ ಗಂಡಾಂತರ. ಪಾರ್ಟಿಗೆ ಪ್ರತಿ ಸೋಮವಾರ ಫೋನ್ ಮಾಡುವ ಕೆಲಸಕ್ಕೆ ‘++’ ಒಪ್ಪುತ್ತದೆ. ಎರಡು ಸೋಮವಾರ ತಪ್ಪಿದರೆ ಮೂರು ಸಲ ಫೋನ್ ಮಾಡಬೇಕಾಗಿಲ್ಲವಲ್ಲ. ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ತೆಗೆಯುವುದಕ್ಕೆ ‘.+’ ಸರಿ. ನೆಟ್ಟಿನಲ್ಲಿ ಓದಲು ಸಿಗುವ ಅನೇಕ ಮಾದರಿ ಕಡತಗಳಲ್ಲಿ ಕಣ್ಣು ಮುಚ್ಚಿ ಎಲ್ಲದಕ್ಕೂ ಒಂದೇ ಗುರುತು ಹಾಕಿರುತ್ತಾರೆ, ಅವನ್ನು ಹಾಗೇ ಎತ್ತಿಕೊಳ್ಳಬಾರದು.

ಎಂದು ಮಾಡಬೇಕು ಎನ್ನುವುದಕ್ಕೆ ಈ ಏರ್ಪಾಟು ಸೊಗಸಾಗಿ ಉತ್ತರ ಕೊಟ್ಟಿತು. ತೊಂದರೆ ಬಂದಿದ್ದು ಅಕ್ಕ ದಿನಾ ಸಂಜೆ ಕೇಳುವ ಪ್ರಶ್ನೆಯಲ್ಲಿ.

‘ಈ ತಿಂಗಳ ತ್ರೀಬಿ ಎಷ್ಟಾತು?’

‘ಬಾಳ ಆಗ್ಯಾವ್ರಿ ಮೇಡಂ, ಸ್ವಲ್ಪ ಉಳದಾವು.’

‘ಸ್ವಲ್ಪ ಅಂದ್ರ?’

ಹುಡುಗನ ಬಳಿ ಉತ್ತರವಿರಲಿಲ್ಲ. ಕಡತದ ಬಳಿಯೂ ಇರಲಿಲ್ಲ.

ಕಾರಣ ಆರ್ಗ್ ಕೆಲಸ ಮಾಡುವ ರೀತಿಯಲ್ಲೇ ಇದೆ. ತಲೆಬರಹದ ಕೊನೆಗೆ ಚೌಕ ಕಂಸದಲ್ಲಿ ಒಂದು ಓರೆ ಗೆರೆ ಹಾಕಿದರೆ, ಅದರ ಕೆಳಗಿನ ಕೆಲಸಗಳಲ್ಲಿ ಮುಗಿದಿದ್ದೆಷ್ಟು, ಒಟ್ಟೆಷ್ಟು ಎಂದು ಆರ್ಗ್ ತಾನೇ ಎಣಿಸಿ ತೋರಿಸುತ್ತದೆ. ಓರೆ ಗೆರೆಯ ಬದಲು ಶೇಕಡಾ ಚಿಹ್ನೆ ಹಾಕಿದರೆ ಶೇಕಡಾವಾರು. ಆದರೆ ಎಣಿಕೆ ನಡೆಯುವುದು ಈ ಕ್ಷಣದ ಸ್ಥಿತಿಯ ಮೇಲೆ. ಮರುಕಳಿಸುವ ಕೆಲಸವೋ, ಮುಗಿಯಿತೆಂದ ಮರುಗಳಿಗೆಯಲ್ಲೇ ‘ಬಿಲ್ಲು’ ಸ್ಥಿತಿಗೆ ವಾಪಸಾಗಿರುತ್ತದೆ. ಅಂದಮೇಲೆ ಎಲ್ಲ ಪಾರ್ಟಿಗಳ ರಿಟರ್ನ್ ಹಾಕಿ ಮುಗಿಸಿದ ದಿನವೂ ಎಣಿಕೆ ಸೊನ್ನೆಯಲ್ಲೇ ಇರುತ್ತದೆ! ದಿನಾಂಕ ನೋಡಿದರೆ ಗೊತ್ತಾಗುತ್ತದೆ ನಿಜ: ಮುಂದಿನ ತಿಂಗಳಿಗೆ ಹೋಗಿದ್ದರೆ ಆಗಿದೆ, ಈ ತಿಂಗಳಲ್ಲೇ ಇದ್ದರೆ ಆಗಿಲ್ಲ. ಆದರೆ ಅಷ್ಟು ಪಾರ್ಟಿಗಳ ದಿನಾಂಕವನ್ನು ಕಣ್ಣಿನಲ್ಲೇ ಎಣಿಸುವುದಾದರೆ ಎಕ್ಸೆಲ್ಲಿನ ಹಸಿರು ಬಣ್ಣ ಏನು ಕೆಟ್ಟದಾಗಿತ್ತು?

ಇದರ ಜೊತೆಗೆ ಇನ್ನೊಂದು. ಒಳಗಿನ ಕೆಲಸಗಳು ಮುಗಿಯದೆ ಹೊರಗಿನದನ್ನು ಮುಗಿಸಲು ಬಿಡದ ಸೌಲಭ್ಯವೊಂದು ಆರ್ಗ್‌ನಲ್ಲಿದೆ. ಅಕ್ಕನಿಗೆ ಅದು ಬಹಳ ಇಷ್ಟವಾಗಿತ್ತು, ಎಲ್ಲ ಪಾರ್ಟಿಗಳದ್ದು ಆಗುವವರೆಗೆ ‘ಅಕ್ಟೋಬರ್ ಮುಗಿತು’ ಅಂತ ಯಾರೂ ಹೇಳಲಾಗದು ಎಂದು. ಒಳಗಿನವು ಮರುಕಳಿಸುವ ಕೆಲಸಗಳಾದಾಗ ಅವು ಯಾವತ್ತೂ ಮುಗಿದ ಸ್ಥಿತಿಯಲ್ಲಿ ನಿಲ್ಲುವುದೇ ಇಲ್ಲ. ಹಾಗಾಗಿ ಹೊರಗಿನದು ಶಾಶ್ವತವಾಗಿ ಬೀಗ ಹಾಕಿಕೊಂಡು ಕೂತಿತು.

ಅಜೆಂಡಾ ಎಂಬ ದಿನಚರಿ ನೋಟದ ಪಾಡಂತೂ ಕೇಳುವುದೇ ಬೇಡ. ಕೊನೆಯ ದಿನವಿರುವ ಯಾವುದೇ ಕೆಲಸವನ್ನು ಆರ್ಗ್ 14 ದಿನ ಮೊದಲೇ ಎಚ್ಚರಿಕೆಯಾಗಿ ತೋರಿಸಲು ತೊಡಗುತ್ತದೆ, ನಾವು ಬದಲಿಸದಿದ್ದರೆ ಅದರ ಹೊಂದಾಣಿಕೆ ಹಾಗೇ. ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ 14 ದಿನ ಒಳ್ಳೆಯದು. ತಿಂಗಳಿಗೊಮ್ಮೆ ಬರುವುದಕ್ಕೆ ಅದು ಅರ್ಧ ತಿಂಗಳು. ನಲವತ್ತು ಪಾರ್ಟಿ, ಪ್ರತಿಯೊಬ್ಬರಿಗೂ ಕನಿಷ್ಠ ಎರಡು ರಿಟರ್ನ್; ಪರದೆ ತುಂಬ ಎಚ್ಚರಿಕೆ. ಹುಡುಗರು ಅಜೆಂಡಾ ತೆಗೆಯುವುದನ್ನೇ ಬಿಟ್ಟರು. ದಿನಾಂಕದ ಪಕ್ಕದಲ್ಲೇ ಎಚ್ಚರಿಕೆಯನ್ನು ಮೂರು ದಿನಕ್ಕೆ ಇಳಿಸುವ ಗುರುತು ಹಾಕಬಹುದು, ಹಾಕಿದೆವು, ಪರದೆ ಸ್ವಲ್ಪ ಹಗುರಾಯಿತು. ಆದರೆ 17ರಂದು ಅಷ್ಟೂ ಒಟ್ಟಿಗೇ ಬಂದು ಬೀಳುವುದು ತಪ್ಪಲಿಲ್ಲ.

ಈ ಹಂತದಲ್ಲಿ ಯಾರನ್ನು ಕೇಳಿದರೂ ಒಂದೇ ಸಲಹೆ ಬರುತ್ತಿತ್ತು: ಹ್ಯಾಬಿಟ್ ಬಳಸಿ. ಜಾನ್ ವೀಗ್ಲಿ ಬರೆದು ಆರ್ಗ್‌ಗೆ ಸೇರಿದ ಈ ಭಾಗ ನಿಜಕ್ಕೂ ಚೆಂದವಾದದ್ದು. ಕೆಲಸವನ್ನು ಹ್ಯಾಬಿಟ್ ಎಂದು ಗುರುತಿಸಿ, ‘ಮೂರು ದಿನಕ್ಕೊಮ್ಮೆ, ಹೆಚ್ಚೆಂದರೆ ಐದು ದಿನ’ ಎಂಬಂತೆ ಎರಡು ಮಿತಿ ಕೊಡಬಹುದು. ಅಜೆಂಡಾದಲ್ಲಿ ಆ ಕೆಲಸದ ಮುಂದೆ ಬಣ್ಣದ ಪಟ್ಟಿಯೊಂದು ಬರುತ್ತದೆ, ಹಿಂದಿನ ಮೂರು ವಾರ ಮತ್ತು ಮುಂದಿನ ಒಂದು ವಾರದ್ದು. ಮಾಡಿದ ದಿನಕ್ಕೆ ನಕ್ಷತ್ರ, ಇಂದಿಗೆ ಆಶ್ಚರ್ಯ ಚಿಹ್ನೆ. ಇನ್ನೂ ಹೊತ್ತಿದ್ದರೆ ನೀಲಿ, ಮಾಡಬಹುದಾದ ದಿನಗಳು ಹಸಿರು, ಗಡುವು ಮುಟ್ಟಿದರೆ ಹಳದಿ, ಮೀರಿದರೆ ಕೆಂಪು.

ತಿಂಗಳ ರಿಟರ್ನಿಗೆ ಇದು ಒಗ್ಗುವುದಿಲ್ಲ. ಹಿಂದಿನ ಮೂರೇ ವಾರ ತೋರಿಸುವ ಪಟ್ಟಿಯಲ್ಲಿ ತಿಂಗಳಿಗೊಮ್ಮೆಯ ಕೆಲಸದ ನಕ್ಷತ್ರ ಒಮ್ಮೊಮ್ಮೆ ಕಾಣುತ್ತದೆ, ಒಮ್ಮೊಮ್ಮೆ ಕಾಣುವುದೇ ಇಲ್ಲ. ಪಟ್ಟಿಯನ್ನು ಉದ್ದ ಮಾಡಬಹುದು, ಆದರೆ ಮೂಲ ಆಶಯವೇ ಬೇರೆ. ಒಂದು ಕೆಲಸವನ್ನು ನಾನು ಎಷ್ಟು ಕ್ರಮವಾಗಿ ಮಾಡುತ್ತಿದ್ದೇನೆ ಎಂದು ಹ್ಯಾಬಿಟ್ ಹೇಳುತ್ತದೆ. ಅನೇಕ ಪಾರ್ಟಿಗಳ ಒಂದೇ ತಿಂಗಳ ಕೆಲಸ ಎಲ್ಲಿಗೆ ಬಂತು ಎಂದು ಅದು ಹೇಳಲಾರದು. ಕನ್ನಡದ ತೊಡಕೊಂದು ಇದಕ್ಕೆ ಸೇರಿಕೊಂಡಿತು. ಪಟ್ಟಿ ಸಾಲಿನ 40ನೇ ಕಾಲಮ್ಮಿನಿಂದ ಶುರುವಾಗುತ್ತದೆ, ತಲೆಬರಹ ಅದಕ್ಕಿಂತ ಉದ್ದವಿದ್ದರೆ ಉಳಿದ ಅಕ್ಷರಗಳ ಮೇಲೆಯೇ ಕೂರುತ್ತದೆ. ಕನ್ನಡ ಅಕ್ಷರಗಳ ಅಗಲ ಒಂದೊಂದೂ ಒಂದೊಂದು ಥರ, ಒತ್ತಕ್ಷರ ಬಂದರೆ ಇನ್ನೂ ಬೇರೆ, ಹಾಗಾಗಿ ಪಟ್ಟಿಗಳು ಒಂದರ ಕೆಳಗೊಂದು ನೇರ ನಿಲ್ಲುವುದಿಲ್ಲ. ಆರ್ಗ್‌ನ ಕೋಷ್ಟಕಗಳಲ್ಲೂ ಇದೇ ಗೋಳು. ಈಮ್ಯಾಕ್ಸ್ 27ರಿಂದ ಅಕ್ಷರ ಜೋಡಿಸುವ ಸಾಧನವಾಗಿ ಹಾರ್ಫ್‌ಬಜ್ ಬಂದ ಮೇಲೆ ಅಕ್ಷರಗಳೇನೋ ಸರಿಯಾಗಿ ಮೂಡುತ್ತವೆ, ಸಾಲು ಹೊಂದಿಕೆ ಮಾತ್ರ ಬೇರೆಯದೇ ಸಮಸ್ಯೆ.

ಹಾಗೆಂದು ಹ್ಯಾಬಿಟ್ಟನ್ನು ತೆಗೆದುಹಾಕಲಿಲ್ಲ. ಎರಡು ಕೆಲಸಕ್ಕೆ ಅದು ಇಂದಿಗೂ ಇದೆ. ಒಂದು ಬ್ಯಾಕಪ್. ಇನ್ನೊಂದು, ಪೋರ್ಟಲ್ಲಿಗೆ ಹೋಗಿ ಪ್ರತಿ ಪಾರ್ಟಿಯ ಖಾತೆಯಲ್ಲಿ ನೋಟಿಸ್ ಬಂದಿದೆಯೇ ಎಂದು ನೋಡುವುದು. ನೋಟಿಸಿಗೆ ತಾರೀಖಿಲ್ಲ, ಎಂದು ಬೇಕಾದರೂ ಬಂದು ಕೂರಬಹುದು, ಉತ್ತರಿಸುವ ಗಡುವು ಮಾತ್ರ ಅದು ಬಂದ ದಿನದಿಂದಲೇ ಓಡುತ್ತಿರುತ್ತದೆ. ಇಂಥ ‘ಆಗಾಗ ನೋಡುತ್ತಿರಬೇಕು’ ಎನ್ನುವ ಕೆಲಸಕ್ಕೆ ಆ ಬಣ್ಣದ ಪಟ್ಟಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ.

ಚೆಕ್‌ಬಾಕ್ಸುಗಳ ದಾರಿಯನ್ನೂ ನೋಡಿದೆವು. ‘ಅಕ್ಟೋಬರ್ 3ಬಿ’ ಎಂಬ ಒಂದೇ ಮರುಕಳಿಸುವ ಕೆಲಸ, ಅದರೊಳಗೆ ಪಾರ್ಟಿಗೊಂದು ಚೌಕ. ಎಣಿಕೆ ಸರಿಯಾಗಿ ಬರುತ್ತದೆ. ಕೆಲಸ ಮುಗಿದು ಮುಂದಿನ ತಿಂಗಳಿಗೆ ಹೋದಾಗ ಟಿಕ್‌ಗಳು ಹಾಗೇ ಉಳಿಯುತ್ತವೆ, ಅವನ್ನು ತಾನಾಗಿ ಖಾಲಿ ಮಾಡಲು ಬೇರೆಯಾಗಿ ಸಿಗುವ ಪೂರಕ ಭಾಗವೊಂದನ್ನು ಹಾಕಿಕೊಳ್ಳಬೇಕು. ಹಾಕಿಕೊಂಡರೆ ಟಿಕ್ ಹೋಗುತ್ತದೆ, ಟಿಕ್ ಜೊತೆಗೆ ಇತಿಹಾಸವೂ ಹೋಗುತ್ತದೆ. ಯಾವ ಚೌಕಕ್ಕೆ ಎಂದು ಟಿಕ್ ಬಿತ್ತು ಎಂದು ಆರ್ಗ್ ಬರೆದುಕೊಳ್ಳುವುದಿಲ್ಲ. ಅಂದರೆ ಬಣ್ಣ ಅಳಿಸಿದ ಎಕ್ಸೆಲ್ ಹಾಳೆಗೇ ಬಂದು ನಿಂತಂತಾಯಿತು.

ಸುತ್ತಿನ ಏರ್ಪಾಟು

ಮರುಕಳಿಸುವ ಕೆಲಸದಲ್ಲಿ ಪ್ರಶ್ನೆ ಎರಡಿವೆ. ಮುಂದಿನದು ಯಾವಾಗ ಎನ್ನುವುದೊಂದು. ಈ ಸುತ್ತು ಎಲ್ಲಿಗೆ ಬಂತು ಎನ್ನುವುದು ಇನ್ನೊಂದು. ಮರುಕಳಿಕೆಯ ಗುರುತು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ, ಅದಕ್ಕಾಗಿ ಎರಡನೆಯದನ್ನು ಪ್ರತಿ ಸಲ ಒರೆಸಿ ಹಾಕುತ್ತದೆ. ಎರಡನ್ನೂ ಒಂದೇ ಸಾಲಿನಿಂದ ಹೇಳಿಸಲು ಹೋಗಿದ್ದರಿಂದಲೇ ಮೇಲಿನ ಪರದಾಟವೆಲ್ಲ. ಬೇರೆ ಮಾಡಿದ ಮೇಲೆ ಕಡತ ಸರಳವಾಯಿತು.

ಈಗ ಮರುಕಳಿಸುವುದು ಒಂದು ಸಣ್ಣ ಕೆಲಸ ಮಾತ್ರ: ‘ಹೊಸ ಸುತ್ತು ತೆರೆ’. ಪ್ರತಿ ತಿಂಗಳ 1ನೇ ತಾರೀಖು ಅಜೆಂಡಾದಲ್ಲಿ ಬರುತ್ತದೆ. ಅದನ್ನು ನೋಡಿದವರು ಕಡತದ ಕೆಳಗೆ ಇಟ್ಟಿರುವ ಖಾಲಿ ಮಾದರಿಯನ್ನು ನಕಲು ಮಾಡಿ, ತಿಂಗಳ ಹೆಸರು ಮತ್ತು ಕೊನೆಯ ದಿನ ಹಾಕುತ್ತಾರೆ. ಆರ್ಗ್‌ನಲ್ಲಿ ತಲೆಬರಹವನ್ನು ಒಳಗಿನದೆಲ್ಲದರ ಸಮೇತ ನಕಲಿಸಿ ದಿನಾಂಕವನ್ನು ಮುಂದಕ್ಕೆ ತಳ್ಳುವ ಆಜ್ಞೆಯೇ ಇದೆ. ಹಿಂದಿನ ತಿಂಗಳದ್ದನ್ನೇ ನಕಲಿಸಿದರೆ ಅದರ ಸ್ಥಿತಿಗಳೂ ಬರೆದಿಟ್ಟ ದಾಖಲೆಯೂ ಜೊತೆಗೆ ಬರುತ್ತವೆ, ಆದ್ದರಿಂದ ಖಾಲಿ ಮಾದರಿಯೇ ಬೇಕು. ತೆರೆದ ಸುತ್ತು ಹೀಗಿರುತ್ತದೆ (ಇಲ್ಲಿ ಐದೇ ಪಾರ್ಟಿ ತೋರಿಸಿದ್ದೇನೆ):

* 3ಬಿ ಅಕ್ಟೋಬರ್ [2/5]
** ಸಲ್ಲಿಕೆ 07 ಹಾರ್ಡ್‌ವೇರ್ ಅಂಗಡಿ
** ತಾಳೆ 11 ಕಿರಾಣಿ ಸಗಟು
** ಬಿಲ್ಲು 19 ಗುತ್ತಿಗೆದಾರ
** ಸಲ್ಲಿಕೆ 23 ಮೊಬೈಲ್ ಅಂಗಡಿ
** ಚಲನ್ 31 ಹತ್ತಿ ದಲಾಲಿ

ಕೊನೆಯ ದಿನ ಇರುವುದು ಮೇಲಿನ ತಲೆಬರಹಕ್ಕೆ ಮಾತ್ರ. ಒಳಗಿನ ಯಾವುದಕ್ಕೂ ದಿನಾಂಕವಿಲ್ಲ, ಮರುಕಳಿಕೆಯೂ ಇಲ್ಲ. ಎಲ್ಲರಿಗೂ 20ನೇ ತಾರೀಖೇ ಆದಾಗ ಅದನ್ನು ಪಾರ್ಟಿಗೊಮ್ಮೆ ಬರೆಯುವ ಅಗತ್ಯವೇನು? ಇದರಿಂದ ಅಜೆಂಡಾದಲ್ಲಿ ಎಚ್ಚರಿಕೆಗಳ ಹಿಂಡಿನ ಬದಲು ಒಂದೇ ಸಾಲು ಬರುತ್ತದೆ. ಆ ಸಾಲಿನಲ್ಲಿ ತಲೆಬರಹದ ಎಣಿಕೆಯೂ ಇರುತ್ತದೆ. ಅಕ್ಕನ ಸಂಜೆಯ ಪ್ರಶ್ನೆಗೆ ಅಲ್ಲೇ ಉತ್ತರ, ಯಾರನ್ನೂ ಕೇಳಬೇಕಿಲ್ಲ. ಬೀಗದ ಸೌಲಭ್ಯವೂ ಈಗ ಸರಿಯಾಗಿ ನಡೆಯುತ್ತದೆ: ಒಳಗಿನವೆಲ್ಲ ‘ಸಲ್ಲಿಕೆ’ ಆದರೆ ಮಾತ್ರ ಅಕ್ಟೋಬರ್ ಮುಗಿಯುತ್ತದೆ.

ನಿರೀಕ್ಷಿಸದ ಲಾಭವೊಂದು ಗಡುವು ವಿಸ್ತರಣೆಯಲ್ಲಿ ಸಿಕ್ಕಿತು. ಕೊನೆಯ ದಿನವನ್ನು ಕೊನೆಗಳಿಗೆಯಲ್ಲಿ ಮುಂದೂಡುವ ಅಧಿಸೂಚನೆಗಳು ತೆರಿಗೆಯವರಿಗೆ ಹೊಸತಲ್ಲ. ಹಳೆಯ ಏರ್ಪಾಟಿನಲ್ಲಿ 20 ಇದ್ದದ್ದನ್ನು 25 ಎಂದು ತಿದ್ದಿದರೆ, ಅಲ್ಲಿಂದ ಒಂದು ತಿಂಗಳು ಕೂಡಿಸಿ ಮುಂದಿನ ತಿಂಗಳದ್ದೂ 25ಕ್ಕೇ ಹೋಗುತ್ತಿತ್ತು. ಒಂದು ತಿಂಗಳಿಗೆ ಸಿಕ್ಕ ರಿಯಾಯಿತಿಯನ್ನು ಕಡತ ಸದ್ದಿಲ್ಲದೆ ಎಲ್ಲ ತಿಂಗಳಿಗೂ ಹಂಚುವುದೆಂದರೆ, ಮುಂದಿನ ತಿಂಗಳು ಐದು ದಿನದ ಲೇಟ್ ಫೀ ಖಾತ್ರಿ. ಈಗ ತಿದ್ದುವುದು ಆ ಸುತ್ತಿನ ಒಂದೇ ದಿನಾಂಕ. ಮಾದರಿ ಮುಟ್ಟದೆ ಇರುತ್ತದೆ.

ತಿಂಗಳ ಕೊನೆಯ ತಾರೀಖುಗಳಲ್ಲೂ ಮರುಕಳಿಕೆ ಕೈಕೊಡುತ್ತದೆ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರವರಿಯಲ್ಲಿ ಆ ತಾರೀಖಿಲ್ಲದ ಕಾರಣ ಆರ್ಗ್ ಮಾರ್ಚ್ ಮೊದಲ ವಾರಕ್ಕೆ ಹಾರುತ್ತದೆ, ಆಮೇಲೆ ಅಲ್ಲಿಂದಲೇ ಎಣಿಕೆ. ಟಿಡಿಎಸ್ ತ್ರೈಮಾಸಿಕ ರಿಟರ್ನುಗಳದ್ದು ಇನ್ನೂ ಮಜಾ: ಜುಲೈ 31, ಅಕ್ಟೋಬರ್ 31, ಜನವರಿ 31, ಆಮೇಲೆ ಏಪ್ರಿಲ್ ಅಲ್ಲ, ಮೇ 31. ಮೂರು, ಮೂರು, ನಾಲ್ಕು, ಎರಡು ತಿಂಗಳ ಅಂತರ. ‘ಮೂರು ತಿಂಗಳಿಗೊಮ್ಮೆ’ ಎಂದು ಬರೆದರೆ ಎಂದಿಗೂ ಸರಿಹೋಗದು. ಅದಕ್ಕಾಗಿ ವರ್ಷಕ್ಕೊಮ್ಮೆ ಮರುಕಳಿಸುವ ನಾಲ್ಕು ಬೇರೆ ಬೇರೆ ‘ಸುತ್ತು ತೆರೆ’ ಸಾಲುಗಳನ್ನು ಬರೆದಿಟ್ಟಿದ್ದೇವೆ. ತಿಂಗಳ ಟಿಡಿಎಸ್ ಕಟ್ಟುವುದರಲ್ಲೂ ಮಾರ್ಚ್ ತಿಂಗಳದ್ದು 7ರ ಬದಲು ಏಪ್ರಿಲ್ 30ಕ್ಕೆ ಇರುವುದರಿಂದ ಅದಕ್ಕೂ ಪ್ರತ್ಯೇಕ ಸಾಲು. ಬುದ್ಧಿವಂತಿಕೆ ಏನೂ ಇಲ್ಲ, ಉದ್ದಕ್ಕೆ ಬರೆದಿದ್ದಷ್ಟೇ. ಆರ್ಗ್‌ನಲ್ಲಿ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸೂತ್ರ ಬರೆದು ಇಂಥ ದಿನಗಳನ್ನು ಹೇಳಿಸಲು ಸಾಧ್ಯವಿದೆ. ಆದರೆ ನಾನು ಊರಲ್ಲಿಲ್ಲದಾಗ ಅದನ್ನು ತಿದ್ದುವವರು ಯಾರು?

ಕಳೆದುಕೊಂಡದ್ದೂ ಇದೆ. ಮೊದಲಿನ ಕಡತದಲ್ಲಿ ಒಂದು ಪಾರ್ಟಿಯ ಎಲ್ಲ ವಿಷಯ ಒಂದೇ ಕಡೆ ಇತ್ತು, ಈಗ ತಿಂಗಳುಗಳಲ್ಲಿ ಚದುರಿದೆ. ಪಾರ್ಟಿಗೆ ಕಚೇರಿ ಕೊಟ್ಟಿರುವ ಫೈಲ್ ನಂಬರನ್ನು ಪ್ರತಿ ಸಾಲಿನಲ್ಲೂ ಬರೆಯುವುದು ಅದಕ್ಕೇ. ಹೆಸರಿನಿಂದ ಹುಡುಕಲು ಹೋದರೆ ಒಬ್ಬ ‘ಟ್ರೇಡರ್ಸ್’ ಎಂದು ಬರೆದಿರುತ್ತಾನೆ, ಇನ್ನೊಬ್ಬ ‘ಟ್ರೇಡರ್ಸ’. ನಂಬರು ಎಲ್ಲರೂ ಒಂದೇ ಥರ ಬರೆಯುತ್ತಾರೆ. ಬರೀ ಪಠ್ಯವಾದ್ದರಿಂದ ‘ಗ್ರೆಪ್’ ಆಜ್ಞೆಯಿಂದ 19ನೇ ನಂಬರಿನ ಸಾಲುಗಳನ್ನು ವರ್ಷದ ಎಲ್ಲ ಸುತ್ತುಗಳಿಂದ ಹೆಕ್ಕಿ ತೆಗೆಯಬಹುದು. ದಿನಕ್ಕೊಮ್ಮೆ ಕೇಳುವ ಪ್ರಶ್ನೆ ತಿಂಗಳಿನದು, ಅಪರೂಪಕ್ಕೆ ಕೇಳುವುದು ಪಾರ್ಟಿಯದು. ಕಡತದ ಜೋಡಣೆ ಮೊದಲನೆಯದಕ್ಕೆ ಅನುಕೂಲವಾಗಿರಬೇಕು ಎಂಬುದು ನನ್ನ ಪಕ್ಷ. ಅಕ್ಕ ಇದನ್ನು ಈಗಲೂ ಪೂರ್ತಿ ಒಪ್ಪಿಲ್ಲ.

ದಾಖಲೆ ಹೇಳಿದ್ದು

ಸ್ಥಿತಿ ಬದಲಾದಾಗಲೆಲ್ಲ ಹೊತ್ತನ್ನು ಬರೆದುಕೊಳ್ಳುವಂತೆ, ಬೇಕಾದ ಕಡೆ ಒಂದು ಟಿಪ್ಪಣಿ ಕೇಳುವಂತೆ ಆರ್ಗ್‌ಗೆ ಹೇಳಿಡಬಹುದು. ಸ್ಥಿತಿಯ ಪದದ ಪಕ್ಕ ಆವರಣದೊಳಗೆ ಆಶ್ಚರ್ಯ ಚಿಹ್ನೆ ಹಾಕಿದರೆ ಬರೀ ಹೊತ್ತು, ‘@’ ಹಾಕಿದರೆ ಟಿಪ್ಪಣಿಯೂ. ಇವೆಲ್ಲ ಒಂದು ಖಾನೆಯೊಳಗೆ ಮಡಚಿಕೊಂಡಿರುವುದರಿಂದ ಕಣ್ಣಿಗೆ ಅಡ್ಡ ಬರುವುದಿಲ್ಲ. ಕೆಲವು ಸುತ್ತುಗಳಾದ ಮೇಲೆ ಆ ಖಾನೆಗಳನ್ನು ಬಿಚ್ಚಿ ಓದಿದಾಗ ಕಂಡದ್ದು ಕಚೇರಿಯವರ ಅಂದಾಜಿಗೆ ಉಲ್ಟಾ ಇತ್ತು. ಕೆಲಸ ತಡವಾಗುವುದು ರಿಟರ್ನ್ ಹಾಕುವುದರಲ್ಲಿ, ಕೊನೆ ದಿನದ ನೂಕುನುಗ್ಗಲಿನಲ್ಲಿ ಎಂದು ಎಲ್ಲರೂ ನಂಬಿದ್ದರು. ‘ಚಲನ್’ನಿಂದ ‘ಸಲ್ಲಿಕೆ’ಗೆ ಹೋಗಲು ಹಿಡಿಯುತ್ತಿದ್ದುದು ಒಂದು ದಿನ, ಎರಡು ದಿನ. ಕೆಲಸ ಬಿದ್ದುಕೊಂಡಿರುತ್ತಿದ್ದುದು ‘ತಾಳೆ’ಯಲ್ಲಿ.

ತಾಳೆ ಎಂದರೆ ಪಾರ್ಟಿ ಕೊಟ್ಟ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ಹೋಲಿಸುವುದು. 2ಬಿ ಪ್ರತಿ ತಿಂಗಳ 14ರಂದು ತಾನಾಗಿ ಸಿದ್ಧವಾಗುವ ಪಟ್ಟಿ, ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳು ಅದರಲ್ಲಿರುತ್ತವೆ. 2022ರ ಜನವರಿ 1ರಿಂದ 2ಬಿಯಲ್ಲಿ ಕಾಣುವ ಬಿಲ್ಲಿಗೆ ಮಾತ್ರ ಹೂಡುವಳಿ ತೆರಿಗೆ ಜಮೆ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಪಡೆಯಬಹುದು. 14ರಿಂದ 20ರವರೆಗಿನ ಆ ಆರು ದಿನವೇ ಈ ಕಚೇರಿಯ ನಿಜವಾದ ತಿಂಗಳು. ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಒಂದೇ ಮಾತು ಕಂಡಿತು: ‘ಎದುರಿನವರು ಬಿಲ್ ಹಾಕಿಲ್ಲ, ಪಾರ್ಟಿ ತಡೀರಿ ಅಂದಾರ.’ ಪಾರ್ಟಿಗೆ ತನ್ನ ಜಮೆ ಕೈತಪ್ಪೀತೆಂಬ ಭಯ, ಸಪ್ಲೈಯರಿಗೆ ಫೋನ್ ಮಾಡಿ ಹಾಕಿಸುತ್ತೇನೆ ಎಂಬ ಭರವಸೆ. ಹುಡುಗರು ಕಾಯುತ್ತಿದ್ದರು. ಆದರೆ ಎದುರಿನವರು 11 ದಾಟಿದ ಮೇಲೆ ಹಾಕಿದ ಬಿಲ್ಲು ಮುಂದಿನ ತಿಂಗಳ 2ಬಿಗೆ ಹೋಗುತ್ತದೆ. 18ರವರೆಗೆ ಕಾದರೂ ಈ ತಿಂಗಳಿಗೆ ಅದು ಸಿಗುವುದಿಲ್ಲ!

ಅಕ್ಕನಿಗೆ ನಿಯಮ ಗೊತ್ತಿರಲಿಲ್ಲವೆಂದಲ್ಲ, ಚೆನ್ನಾಗಿ ಗೊತ್ತಿತ್ತು. ಕಾಯುವುದರಲ್ಲೇ ಇಷ್ಟು ದಿನ ಹೋಗುತ್ತಿದೆ ಎಂಬುದು ಮಾತ್ರ ಕಂಡಿರಲಿಲ್ಲ. ಅಲ್ಲಿಂದ ನಿಯಮ ಬದಲಾಯಿತು. 2ಬಿಯಲ್ಲಿ ಇಲ್ಲದ ಬಿಲ್ಲಿಗಾಗಿ ಯಾರ ರಿಟರ್ನೂ ನಿಲ್ಲಬಾರದು. ಆ ಬಿಲ್ಲನ್ನು ಮುಂದಿನ ಸುತ್ತಿನೊಳಗೆ, ಅದೇ ಪಾರ್ಟಿಯ ಸಾಲಿನ ಕೆಳಗೆ, ಒಂಟಿ ಕೆಲಸವಾಗಿ ಬರೆದು ಈ ತಿಂಗಳದ್ದನ್ನು ಮುಂದೆ ಸಾಗಿಸಬೇಕು. ಒಂದು ಸೂಕ್ಷ್ಮ: ಆರ್ಗ್‌ನ ಎಣಿಕೆ ನೇರ ಕೆಳಗಿನ ಒಂದು ಹಂತವನ್ನು ಮಾತ್ರ ಲೆಕ್ಕ ಹಿಡಿಯುತ್ತದೆ, ಆದ್ದರಿಂದ ಹೀಗೆ ಒಳಗೊಳಗೆ ಸೇರಿಸಿದ ಸಾಲುಗಳಿಂದ ತಿಂಗಳ ಒಟ್ಟು ಕೆಡುವುದಿಲ್ಲ. ಪಾರ್ಟಿ ಫೋನಿನಲ್ಲಿ ಕೇಳಿದರೆ ಹುಡುಗ ಈಗ ‘ಬರ್ದಿಟ್ಟೇವ್ರಿ, ಮುಂದಿನ ತಿಂಗಳಾಗ ತಗೋತೀವಿ’ ಎನ್ನುತ್ತಾನೆ, ಬರೆದಿಟ್ಟದ್ದು ನಿಜವಾಗಿಯೂ ಇರುತ್ತದೆ.

ಸ್ಥಿತಿಯ ಬಗ್ಗೆ ಮತ್ತೊಂದು. ನಿಲ್ ರಿಟರ್ನಿನವರಿಗೆ ‘ಬಿಲ್ಲು’, ‘ತಾಳೆ’ ಎರಡೂ ಇಲ್ಲ. ಮಾದರಿಯಲ್ಲಿ ಅವರನ್ನು ಕೊನೆಯ ಬಾಕಿ ಹಂತದಲ್ಲೇ ಇಟ್ಟಿದ್ದೇವೆ, 1ನೇ ತಾರೀಖು ಸುತ್ತು ತೆರೆದ ಸ್ವಲ್ಪ ದಿನಕ್ಕೇ ಅವು ಮುಗಿದು ಎಣಿಕೆ ಏರುತ್ತದೆ. ಹಾಗಾಗಿ ತಿಂಗಳ ಮೊದಲ ವಾರದ ಶೇಕಡಾವಾರನ್ನು ನಂಬಬಾರದು: ಮುಗಿದಿದ್ದು ಹಗುರವಾದವು, ಉಳಿದಿದ್ದು ಭಾರದವು. ಅಕ್ಕ ಶೇಕಡಾ ಚಿಹ್ನೆ ತೆಗೆಸಿ ಓರೆ ಗೆರೆಯನ್ನೇ ಇಡಿಸಿದ್ದು ಇದಕ್ಕೇ. ಎಷ್ಟು ತಲೆ ಉಳಿದಿವೆ ಎಂದು ಕಂಡರೆ ಅವರಲ್ಲಿ ಯಾರ್‍ಯಾರು ಎಂದು ನೋಡಬೇಕೆನಿಸುತ್ತದೆ, ಶೇಕಡಾ 70 ಎಂದು ಕಂಡರೆ ಚಹಾ ಕುಡಿಯೋಣ ಎನಿಸುತ್ತದೆಯಂತೆ.

ಉಳಿದ ತೊಡಕುಗಳು

ಮೂರು ಜನ ಒಂದೇ ಕಡತವನ್ನು ತಿದ್ದುವುದು ಪಠ್ಯ ಕಡತಗಳ ಹಳೆಯ ದೌರ್ಬಲ್ಯ. ಕಂಪ್ಯೂಟರುಗಳ ನಡುವೆ ಕಡತಗಳನ್ನು ಒಂದೇ ಥರ ಇಡುವ ಸಿಂಕ್‌ಥಿಂಗ್ ಇದೆ. ಇಬ್ಬರು ಒಟ್ಟಿಗೆ ತಿದ್ದಿದರೆ ಅದು ಒಂದನ್ನು ಸಂಘರ್ಷದ ಪ್ರತಿ ಎಂದು ಬೇರೆ ಹೆಸರಿನಲ್ಲಿ ಇಡುತ್ತದೆ, ಎರಡನ್ನೂ ಕೂಡಿಸಿಕೊಡುವುದಿಲ್ಲ. ಪಾರ್ಟಿಗಳನ್ನು ಇಬ್ಬರು ಹುಡುಗರಿಗೆ ಹಂಚಿ, ಒಬ್ಬೊಬ್ಬರಿಗೆ ಒಂದೊಂದು ಕಡತ ಮಾಡಿದೆವು. ಅಕ್ಕನ ಅಜೆಂಡಾ ಎರಡನ್ನೂ ಓದುತ್ತದೆ, ಹಾಗಾಗಿ ಅವಳಿಗೆ ತಿಂಗಳಿಗೆ ಎರಡು ಸಾಲು, ಎರಡು ಎಣಿಕೆ. ಯಾರ ಪಾಲು ಹಿಂದೆ ಬಿದ್ದಿದೆ ಎಂಬುದೂ ಕಾಣುತ್ತದೆ. ಇದು ಹುಡುಗರಿಗೆ ಅಷ್ಟೇನೂ ಖುಷಿ ಕೊಟ್ಟಿಲ್ಲ.

ಫೋನಿನಲ್ಲಿ ಆರ್ಗ್ ಕಡತ ತೆರೆಯುವ ಆರ್ಗ್‌ಜ್ಲಿ ಆ್ಯಪ್ ಇದೆ, ಪಾರ್ಟಿಯ ಅಂಗಡಿಯಲ್ಲಿ ನಿಂತು ನೋಡಲಿಕ್ಕೆ ಮಾತ್ರ. ತಿದ್ದುವುದು ಕಚೇರಿಯಲ್ಲೇ. ಈಮ್ಯಾಕ್ಸ್‌ನಲ್ಲಿ ಆಜ್ಞೆ ಕೊಟ್ಟು ಸ್ಥಿತಿ ಬದಲಾಯಿಸಿದರೆ ಎಣಿಕೆ, ಹೊತ್ತು, ಟಿಪ್ಪಣಿ ಎಲ್ಲ ತಾನಾಗಿ ಆಗುತ್ತದೆ. ಆ ಪದವನ್ನು ಅಳಿಸಿ ಕೈಯಲ್ಲೇ ‘ಸಲ್ಲಿಕೆ’ ಎಂದು ಟೈಪಿಸಿದರೆ ಇವು ಯಾವುವೂ ಆಗುವುದಿಲ್ಲ, ಎಣಿಕೆ ಹಳೆಯದೇ ಉಳಿಯುತ್ತದೆ. ಹೊಸದಾಗಿ ಸೇರಿದವರು ಮೊದಲು ಮಾಡುವುದು ಇದನ್ನೇ. ಕಡತದ ಎಲ್ಲ ಎಣಿಕೆಗಳನ್ನು ಒಮ್ಮೆಗೇ ಸರಿಪಡಿಸುವ ಆಜ್ಞೆ ಇದೆ, ಅಕ್ಕ ಸಂಜೆ ನೋಡುವ ಮೊದಲು ಅದನ್ನು ಒತ್ತುತ್ತಾಳೆ. ಬರೆಯದೇ ಹೋದ ಹೊತ್ತನ್ನು ಮಾತ್ರ ಯಾವ ಆಜ್ಞೆಯೂ ತಂದುಕೊಡದು. ಪಾಸ್‌ವರ್ಡ್, ಪ್ಯಾನ್ ಯಾವುದನ್ನೂ ಈ ಕಡತಗಳಲ್ಲಿ ಬರೆಯುವುದಿಲ್ಲ ಎಂಬುದು ಮೊದಲ ದಿನದಿಂದ ಇರುವ ಕಟ್ಟುಪಾಡು.

ಇನ್ನೂ ಬಗೆಹರಿಯದ್ದು ಕ್ಯೂಆರ್‌ಎಂಪಿಯವರದ್ದು. ಅವರಿಗೆ ಮೂರು ತಿಂಗಳ ಸುತ್ತಿನೊಳಗೆ ಎರಡು ಚಲನ್, ಬೇಕಿದ್ದರೆ 13ರೊಳಗೆ ಬಿಲ್ಲುಗಳನ್ನು ಮಾತ್ರ ಏರಿಸುವ ಎರಡು ಅವಕಾಶ, ಕೊನೆಗೆ ಎರಡು ರಿಟರ್ನ್. ಒಂದೇ ದಿನಾಂಕವನ್ನು ಮೇಲೆ ಹಾಕುವ ಉಪಾಯ ಇಲ್ಲಿ ನಡೆಯುವುದಿಲ್ಲ. ತ್ರೈಮಾಸಿಕಕ್ಕೊಂದು ಹೊರಗಿನ ತಲೆಬರಹ, ಒಳಗೆ ದಿನಾಂಕಕ್ಕೊಂದು ತಲೆಬರಹ, ಅದರೊಳಗೆ ಪಾರ್ಟಿಗಳು ಎಂದು ಮೂರು ಹಂತ ಮಾಡಿ, ಎಣಿಕೆ ಕೊನೆಯ ಹಂತದವರೆಗೂ ಇಳಿಯುವಂತೆ ಹೊರಗಿನದಕ್ಕೆ ಹೇಳಿದ್ದೇವೆ. ಕೆಲಸ ನಡೆಯುತ್ತದೆ. ಆದರೆ ಯಾವುದೋ ಪಾರ್ಟಿ ಮುಂದಿನ ತ್ರೈಮಾಸಿಕದಿಂದ ತಿಂಗಳ ಪದ್ಧತಿಗೆ ಬಂದರೆ ಎರಡು ಮಾದರಿಗಳಲ್ಲೂ ಕೈಯಿಂದ ತಿದ್ದಬೇಕು, ಅದು ಎಲ್ಲಿ ಮರೆತುಹೋಗುತ್ತದೋ ಎಂಬ ಅಳುಕು ಇದ್ದೇ ಇದೆ. ಸದ್ಯಕ್ಕೆ ‘ಹೊಸ ಸುತ್ತು ತೆರೆ’ ಸಾಲಿನ ಕೆಳಗೆ ‘ಪದ್ಧತಿ ಬದಲಿಸಿದವರು ಯಾರಾದರೂ ಇದ್ದಾರಾ?’ ಎಂದು ಬರೆದಿಟ್ಟಿದೆ.

ಮುಗಿದ ಸುತ್ತುಗಳನ್ನು ಆರ್ಕೈವ್ ಕಡತಕ್ಕೆ ಕಳಿಸಿದರೆ ನಡೆಯುತ್ತಿರುವ ಕಡತ ಹಗುರವಾಗುತ್ತದೆ. ಆದರೆ ವಾರ್ಷಿಕ ರಿಟರ್ನ್ ಜಿಎಸ್‌ಟಿಆರ್-9 ಡಿಸೆಂಬರ್ 31ಕ್ಕೆ ಇರುವುದರಿಂದ, ಕಳೆದ ಹಣಕಾಸು ವರ್ಷದ ಹನ್ನೆರಡು ಸುತ್ತುಗಳೂ ಅಲ್ಲಿಯವರೆಗೆ ಕೈಗೆ ಸಿಗುವಂತಿರಬೇಕು, ಟಿಪ್ಪಣಿಗಳ ಸಮೇತ. ಅಕ್ಕ ಜನವರಿಯ ಮೊದಲ ವಾರಕ್ಕೆ ‘ಆರ್ಕೈವ್’ ಎಂದು ವರ್ಷಕ್ಕೊಮ್ಮೆ ಮರುಕಳಿಸುವ ಸಾಲೊಂದನ್ನು ತಾನೇ ಬರೆದುಕೊಂಡಿದ್ದಾಳೆ, ‘+’ ಗುರುತು ಹಾಕಿ.